ಹೊಸ ಲ್ಯಾಪ್‌ಟಾಪಿನ ಆಯ್ಕೆ: ವೇಗವೊಂದೇ ಸಾಕೆ?

ಮನೆಗೆ ತರುವ ಹೊಸ ವಸ್ತುವಿನ ಬೆಲೆ ಎಷ್ಟೆಂದು ವಿಚಾರಿಸುವವರು ಅನೇಕರು. ಅದು ಕೆಟ್ಟ ದಿನ ತೆರಬೇಕಾದ ಬೆಲೆ ಎಷ್ಟೆಂದು ವಿಚಾರಿಸುವವರು ವಿರಳ. ಮಿಕ್ಸರ್ ಕೆಟ್ಟರೆ ದುರಸ್ತಿಯ ಖರ್ಚಿಗೆ ಮಾತು ಮುಗಿಯುತ್ತದೆ. ಲ್ಯಾಪ್‌ಟಾಪಿನ ಸಂಗತಿ ಹಾಗಲ್ಲ. ಅದರೊಳಗೆ ಮಕ್ಕಳ ವಿದ್ಯಾಭ್ಯಾಸದ ಬರಹಗಳಿರುತ್ತವೆ, ಮದುವೆ-ನಾಮಕರಣಗಳ ಚಿತ್ರಗಳಿರುತ್ತವೆ, ಆದಾಯ ತೆರಿಗೆಯ ಲೆಕ್ಕಪತ್ರಗಳಿರುತ್ತವೆ, ಹಿರಿಯರ ವೈದ್ಯಕೀಯ ವರದಿಗಳಿರುತ್ತವೆ. ಇವುಗಳಿಗೆ ಯಾವ ಅಂಗಡಿಯಲ್ಲೂ ಬೆಲೆಯಿಲ್ಲ. ಆದುದರಿಂದಲೇ ಕಳೆದುಹೋದರೆ ಮತ್ತೆ ಕೊಳ್ಳಲೂ ಬಾರದು.

ಲಿಂಗಂಪಲ್ಲಿ ಮತ್ತು ಅದರ ಸುತ್ತಣ ಬಡಾವಣೆಗಳಲ್ಲಿ ಈ ಪ್ರಶ್ನೆ ಇಂದು ಮನೆಮನೆಯದಾಗಿದೆ. ವಾಡಿ-ಸಿಕಂದರಾಬಾದ್ ಮಾರ್ಗದ ಈ ನಿಲ್ದಾಣದ ಒಂದು ಕಡೆಗೆ ರಾಮಚಂದ್ರಾಪುರದ ಬಿ.ಎಚ್.ಇ.ಎಲ್. ಕಾರ್ಖಾನೆ, ಇನ್ನೊಂದು ಕಡೆಗೆ 1974ರಲ್ಲಿ ಸ್ಥಾಪಿತವಾದ ಹೈದರಾಬಾದ್ ವಿಶ್ವವಿದ್ಯಾಲಯ, ಅದರಾಚೆಗೆ ಹೈಟೆಕ್ ಸಿಟಿ. 2003ರಲ್ಲಿ ಎಂ.ಎಂ.ಟಿ.ಎಸ್. ರೈಲು ಆರಂಭವಾದಂದಿನಿಂದ ಹೆಗಲಿಗೆ ಲ್ಯಾಪ್‌ಟಾಪಿನ ಚೀಲ ಹಾಕಿಕೊಂಡವರು ಇಲ್ಲಿಯ ಪ್ಲಾಟ್‌ಫಾರಂಗಳಲ್ಲಿ ನಿತ್ಯದ ದೃಶ್ಯ. ಬೀದರ್, ಕಲಬುರಗಿ ಕಡೆಗಳಿಂದ ಬಂದು ನೆಲೆಸಿದ ಕನ್ನಡ ಕುಟುಂಬಗಳಲ್ಲಿಯೂ ಉದ್ಯೋಗಕ್ಕೊಂದು, ಓದಿಗೊಂದು ಎಂದು ಲ್ಯಾಪ್‌ಟಾಪುಗಳು ಬಂದಿವೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲ ನಿಂತ ಮೇಲಂತೂ ಹಳೆಯ ಯಂತ್ರವನ್ನು ಬದಲಿಸುವ ಯೋಚನೆ ಅನೇಕರಿಗೆ ಬಂದಿದೆ. ಆಗ ಎದುರಾಗುವ ಮೊದಲ ಪ್ರಶ್ನೆ: ಎಸ್.ಎಸ್.ಡಿ.ಯೋ, ಹಾರ್ಡ್ ಡಿಸ್ಕೋ?

ಇವೆರಡರ ಗುಣಾವಗುಣಗಳನ್ನು ತೂಗುವ ಮೊದಲು ಅವುಗಳ ರಚನೆಯನ್ನು ಅರಿಯುವುದು ಒಳಿತು. ಹಾರ್ಡ್ ಡಿಸ್ಕ್ ಹಿರಿಯದು. ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು ಹೈದರಾಬಾದ್ ರಾಜ್ಯದಿಂದ ಬೇರ್ಪಟ್ಟು ಮೈಸೂರು ರಾಜ್ಯವನ್ನು ಸೇರಿದ 1956ರಲ್ಲಿಯೇ ಅಮೆರಿಕದ ಐ.ಬಿ.ಎಂ. ಸಂಸ್ಥೆ ಮೊದಲ ಹಾರ್ಡ್ ಡಿಸ್ಕನ್ನು ಹೊರತಂದಿತು. 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದ ಆ ಭಾರೀ ಯಂತ್ರದಲ್ಲಿ ಹಿಡಿಯುತ್ತಿದ್ದುದು ಸುಮಾರು 50 ಲಕ್ಷ ಅಕ್ಷರಗಳು ಮಾತ್ರ. ಇಂದಿನ ಮೊಬೈಲಿನಲ್ಲಿ ತೆಗೆದ ಒಂದೇ ಛಾಯಾಚಿತ್ರ ಅದನ್ನು ತುಂಬಿಬಿಟ್ಟೀತು. ಗಾತ್ರ ಕುಗ್ಗಿದರೂ ತತ್ತ್ವ ಬದಲಾಗಲಿಲ್ಲ. ಕಾಂತೀಯ ಲೇಪನವುಳ್ಳ ತಟ್ಟೆ ತಿರುಗುತ್ತದೆ. ಅದರ ಮೇಲೆ ಕೂದಲೆಳೆಗಿಂತ ಎಷ್ಟೋ ಪಾಲು ಕಡಿಮೆ ಅಂತರದಲ್ಲಿ ತೇಲುವ ಪುಟ್ಟ ಮೊನೆಯೊಂದು ಓದಿ ಬರೆಯುತ್ತದೆ. ಎಸ್.ಎಸ್.ಡಿ.ಯಲ್ಲಾದರೋ ತಿರುಗುವ ಭಾಗವೇ ಇಲ್ಲ. ಜಪಾನಿನ ತೋಷಿಬಾ ಸಂಸ್ಥೆಯಲ್ಲಿದ್ದ ಫುಜಿಯೋ ಮಸುವೋಕಾ 1980ರ ದಶಕದಲ್ಲಿ ರೂಪಿಸಿದ ಫ್ಲ್ಯಾಶ್ ಸ್ಮೃತಿಯೇ ಅದರ ಮೂಲ. ಚಿಪ್ಪಿನೊಳಗಿನ ಅಸಂಖ್ಯ ಕೋಶಗಳಲ್ಲಿ ವಿದ್ಯುತ್ಕಣಗಳನ್ನು ಬಂಧಿಸಿಡುವುದೇ ಅದರ ಬರವಣಿಗೆ.

ವೇಗದ ವ್ಯತ್ಯಾಸ ಈ ರಚನೆಯಿಂದಲೇ ಹುಟ್ಟುತ್ತದೆ. ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ನಿಮಿಷಕ್ಕೆ ಸಾಮಾನ್ಯವಾಗಿ 5,400 ಸುತ್ತು, ಎಂದರೆ ಸೆಕೆಂಡಿಗೆ 90 ಸುತ್ತು ತಿರುಗುತ್ತದೆ. ಬೇಕಾದ ಮಾಹಿತಿ ಮೊನೆಯ ಕೆಳಗೆ ಬರುವ ತನಕ ಯಂತ್ರ ಕಾಯಲೇಬೇಕು. ಹೀಗೆ ಒಂದೊಂದು ಹುಡುಕಾಟಕ್ಕೂ ಸೆಕೆಂಡಿನ ನೂರರಲ್ಲೊಂದು ಭಾಗಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ. ಎಸ್.ಎಸ್.ಡಿ.ಗೆ ಅದರ ನೂರನೆಯ ಒಂದು ಪಾಲು ಸಾಕು. ಯಂತ್ರ ಆರಂಭವಾಗುವಾಗ ಇಂತಹ ಸಣ್ಣ ಹುಡುಕಾಟಗಳು ಸಾವಿರಾರು ನಡೆಯುವುದರಿಂದ, ಒಂದರಲ್ಲಿ ನಿಮಿಷಗಟ್ಟಲೆ ಕಾಯಬೇಕಾದ ಕೆಲಸ ಇನ್ನೊಂದರಲ್ಲಿ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ. ಮೇಲಾಗಿ, ರೈಲಿನ ಕುಲುಕಾಟವನ್ನೂ ಕೈತಪ್ಪಿ ಬಿದ್ದ ಪೆಟ್ಟನ್ನೂ ತಾಳಿಕೊಳ್ಳುವ ಶಕ್ತಿ ತಿರುಗುವ ತಟ್ಟೆಗಿಂತ ಚಿಪ್ಪಿಗೆ ಹೆಚ್ಚು. ಆದುದರಿಂದ ನಿತ್ಯ ಹೊತ್ತು ತಿರುಗುವ ಲ್ಯಾಪ್‌ಟಾಪಿಗೆ ಎಸ್.ಎಸ್.ಡಿ.ಯೇ ಯೋಗ್ಯವೆಂಬುದರಲ್ಲಿ ಸಂದೇಹವಿಲ್ಲ. ಇಂದು ಮಾರುಕಟ್ಟೆಗೆ ಬರುವ ಹೊಸ ಲ್ಯಾಪ್‌ಟಾಪುಗಳಲ್ಲಿ ಬಹುಪಾಲು ಅದನ್ನೇ ಹೊಂದಿರುತ್ತವೆ ಕೂಡ.

ಎಸ್.ಎಸ್.ಡಿ. ಬೇಗ ಸವೆಯುತ್ತದೆಂಬ ಭಯ ಕೆಲವರಲ್ಲಿದೆ. ಬರೆದು ಅಳಿಸಿದಂತೆಲ್ಲ ಅದರ ಕೋಶಗಳು ಸವೆಯುವುದು ನಿಜ. ಆದರೆ ಭಯಕ್ಕಿಂತ ಲೆಕ್ಕ ಲೇಸು. 150 ಟೆರಾಬೈಟ್‌ವರೆಗೆ ಬರೆಯಬಹುದೆಂದು ತಯಾರಕರು ನಮೂದಿಸಿರುವ ಒಂದು ಎಸ್.ಎಸ್.ಡಿ.ಯನ್ನು ತೆಗೆದುಕೊಳ್ಳೋಣ. ದಿನಕ್ಕೆ 20 ಗಿಗಾಬೈಟ್ ಬರೆದರೂ ವರ್ಷಕ್ಕಾಗುವುದು 7.3 ಟೆರಾಬೈಟ್. ಆ ಮಿತಿ ಮುಟ್ಟಲು 20 ವರ್ಷ ಬೇಕು. ಅಷ್ಟರೊಳಗೆ ಲ್ಯಾಪ್‌ಟಾಪೇ ಮೂಲೆ ಸೇರಿರುತ್ತದೆ.

ಎಸ್.ಎಸ್.ಡಿ.ಯ ನಿಜವಾದ ದೋಷಗಳು ಬೇರೆ. ಮೊದಲನೆಯದು, ಅದರ ಮರಣ ಬಹುಮಟ್ಟಿಗೆ ಸದ್ದಿಲ್ಲದ್ದು. ಹಾರ್ಡ್ ಡಿಸ್ಕ್ ಕೆಡುವ ಮುನ್ನ ಅನೇಕ ವೇಳೆ ಕಟಕಟ ಸದ್ದು ಮಾಡಿ, ನಿಧಾನವಾಗಿ, ಮನೆಯವರನ್ನು ಎಚ್ಚರಿಸುತ್ತದೆ, ಎಸ್.ಎಸ್.ಡಿ. ನಿನ್ನೆ ಸಂಜೆ ನಡೆದದ್ದು ಇಂದು ಬೆಳಿಗ್ಗೆ ಕಾಣಿಸದೇ ಹೋಗಬಹುದು. ಎರಡನೆಯದು, ಅದರಲ್ಲಿ ಅಳಿಸಿದ್ದು ಬಹುಬೇಗ ನಿಜವಾಗಿಯೇ ಅಳಿದುಹೋಗುತ್ತದೆ. ಹಾರ್ಡ್ ಡಿಸ್ಕಿನಿಂದ ತಪ್ಪಿ ಅಳಿಸಿದ ಕಡತವನ್ನು ತಜ್ಞರು ಮರಳಿ ಪಡೆಯಲು ಅವಕಾಶವಿರುತ್ತದೆ, ಎಸ್.ಎಸ್.ಡಿ.ಯಲ್ಲಿ ಖಾಲಿ ಜಾಗವನ್ನು ಯಂತ್ರವೇ ಶುಚಿಮಾಡಿಕೊಳ್ಳುವುದರಿಂದ ಆ ಅವಕಾಶ ಅತ್ಯಲ್ಪ. ಮೂರನೆಯದು, ವಿದ್ಯುತ್ತಿಲ್ಲದೆ ಬಹುಕಾಲ ಇಟ್ಟರೆ ಬಂಧಿತ ಕಣಗಳು ಮೆಲ್ಲನೆ ಸೋರುತ್ತವೆ. ಬರವಣಿಗೆಯ ಮಿತಿ ಮುಟ್ಟಿದ ಸಾಮಾನ್ಯ ಎಸ್.ಎಸ್.ಡಿ. 30 ಡಿಗ್ರಿ ಉಷ್ಣತೆಯಲ್ಲಿ ಒಂದು ವರ್ಷ ಮಾಹಿತಿಯನ್ನು ಉಳಿಸಿಕೊಂಡರೆ ಸಾಕೆಂಬುದು ಉದ್ಯಮದ ಮಾನದಂಡ. ಹೊಸದು ಇದಕ್ಕಿಂತ ಬಹಳ ಹೆಚ್ಚು ಕಾಲ ಉಳಿಸಿಕೊಳ್ಳುತ್ತದಾದರೂ, ಉಷ್ಣತೆ ಏರಿದಷ್ಟೂ ಈ ಅವಧಿ ಕುಗ್ಗುವುದು. ಹೈದರಾಬಾದಿನ ಮೇ ತಿಂಗಳಿನಲ್ಲಿ ಮುಚ್ಚಿದ ಅಲಮಾರಿನೊಳಗೆ ವರ್ಷಗಟ್ಟಲೆ ಮರೆತಿಡುವ ವಸ್ತು ಅದಲ್ಲ.

ಹಾಗಾದರೆ ಹಾರ್ಡ್ ಡಿಸ್ಕ್ ಇನ್ನೂ ನಿರುಪಯುಕ್ತವಾಗಿಲ್ಲವೆಂದಾಯಿತು. ಅಷ್ಟೇ ಹಣಕ್ಕೆ ಅದು ಎಸ್.ಎಸ್.ಡಿ.ಗಿಂತ ಹೆಚ್ಚು ಜಾಗ ಕೊಡುತ್ತದೆ. ಓಡಾಟದ ಲ್ಯಾಪ್‌ಟಾಪಿನೊಳಗೆ ಅದರ ಸ್ಥಾನ ಹೋಯಿತು. ಮನೆಯ ಕಪಾಟಿನಲ್ಲಿ, ಕೇಬಲಿನಿಂದ ಜೋಡಿಸುವ ಹೊರಗಿನ ಹಾರ್ಡ್ ಡಿಸ್ಕಾಗಿ, ಅದರ ಸ್ಥಾನ ಉಳಿದಿದೆ. ವ್ಯಾಪಾರಿಯ ಭಾಷೆಯಲ್ಲಿ ಹೇಳುವುದಾದರೆ ಎಸ್.ಎಸ್.ಡಿ. ಗಲ್ಲಾಪೆಟ್ಟಿಗೆ, ಹಾರ್ಡ್ ಡಿಸ್ಕ್ ತಿಜೋರಿ. ದಿನದ ವಹಿವಾಟು ಗಲ್ಲಾದಲ್ಲಿ ನಡೆಯಬೇಕು. ಆದರೆ ಇಡೀ ಗಳಿಕೆಯನ್ನು ಗಲ್ಲಾದಲ್ಲಿಯೇ ಬಿಟ್ಟು ಮಲಗುವ ವ್ಯಾಪಾರಿ ಎಲ್ಲಿಯಾದರೂ ಉಂಟೆ?

ಆದರೆ ಕೊಳ್ಳುವವರ ಲೆಕ್ಕಾಚಾರ ಸಾಮಾನ್ಯವಾಗಿ ನಡೆಯುವುದು ಬೇರೆ ರೀತಿ. 512 ಗಿಗಾಬೈಟ್ ಸಾಲದು, 1 ಟೆರಾಬೈಟ್ ಎಸ್.ಎಸ್.ಡಿ.ಯೇ ಬೇಕೆಂದು ಉಳಿದ ಹಣವನ್ನೆಲ್ಲ ಅದಕ್ಕೇ ಸುರಿಯುತ್ತಾರೆ. ಎರಡನೆಯ ಪ್ರತಿಗೆಂದು ಬಿಡಿಗಾಸನ್ನೂ ತೆಗೆದಿಡುವುದಿಲ್ಲ. ಕಾಲೇಜು ವಿದ್ಯಾರ್ಥಿಗೂ ಸಾಮಾನ್ಯ ಗೃಹಸ್ಥನಿಗೂ 512 ಗಿಗಾಬೈಟ್ ಎಸ್.ಎಸ್.ಡಿ. ಸಾಕಾಗುತ್ತದೆ. ಉಳಿತಾಯವಾದ ಹಣಕ್ಕೆ ಹೊರಗಿನ ಹಾರ್ಡ್ ಡಿಸ್ಕೊಂದನ್ನು ಕೊಳ್ಳುವುದು ವಿವೇಕ. ತಯಾರಕರ ವಾರಂಟಿಯನ್ನು ನಂಬಿ ಕುಳಿತವರು ಒಂದು ಮಾತನ್ನು ನೆನಪಿಡಬೇಕು: ವಾರಂಟಿ ಬದಲಿಸಿಕೊಡುವುದು ಪೆಟ್ಟಿಗೆಯನ್ನು, ಅದರೊಳಗಿದ್ದ ಒಡವೆಯನ್ನಲ್ಲ. ಕೆಲವು ಮಾದರಿಗಳಲ್ಲಿ ಚಿಪ್ಪುಗಳನ್ನು ಮುಖ್ಯ ಫಲಕಕ್ಕೇ ಬೆಸೆದಿರುತ್ತಾರೆ. ಫಲಕ ಕೆಟ್ಟರೆ ಎಸ್.ಎಸ್.ಡಿ.ಯನ್ನು ಕಳಚಿ ಬೇರೆ ಯಂತ್ರಕ್ಕೆ ಹಾಕಲು ಬಾರದು. ಅಂಗಡಿಯಲ್ಲಿ ಇದನ್ನೂ ಕೇಳಿ ತಿಳಿಯುವುದು ಲೇಸು.

ಇಷ್ಟೊಂದು ಎಚ್ಚರಿಕೆ ಯಾತಕ್ಕೆಂದು ಕೇಳುವವರಿಗೆ ಆರೋಗ್ಯದ ಉದಾಹರಣೆಯೊಂದೇ ಸಾಕು. ಎದೆನೋವೆಂದು ಬಂದ ರೋಗಿಯ ಇ.ಸಿ.ಜಿ.ಯನ್ನು ವೈದ್ಯರು ಹಳೆಯದರೊಡನೆ ಹೋಲಿಸಿ ನೋಡುತ್ತಾರೆ. ಕಂಡ ವ್ಯತ್ಯಾಸ ಹೊಸದೋ ಹಳೆಯದೋ ಎಂಬುದರ ಮೇಲೆ ಚಿಕಿತ್ಸೆಯ ದಾರಿ ನಿರ್ಧಾರವಾಗಬಹುದು. ಎಷ್ಟೋ ವರದಿಗಳು ಇಂದು ಕಾಗದದಲ್ಲಿರುವುದಿಲ್ಲ; ಮಗನ ಅಥವಾ ಸೊಸೆಯ ಲ್ಯಾಪ್‌ಟಾಪಿನಲ್ಲಿರುತ್ತವೆ. ಸ್ಕ್ಯಾನ್ ಚಿತ್ರಗಳ ಸಿ.ಡಿ. ಕೈಯಲ್ಲಿದ್ದರೂ ಹೊಸ ಲ್ಯಾಪ್‌ಟಾಪುಗಳಲ್ಲಿ ಬಹುತೇಕ ಅದನ್ನು ಹಾಕುವ ತಟ್ಟೆಯೇ ಇರುವುದಿಲ್ಲ. ಅವಶ್ಯವಾದ ಗಳಿಗೆಯಲ್ಲಿ ವರದಿ ಇಲ್ಲವೆಂದಾದರೆ, ಉಳಿಸಿದ ಹಣದಿಂದ ಆ ಕೊರತೆಯನ್ನು ತುಂಬಲು ಸಾಧ್ಯವಿಲ್ಲ.

ಗೂಗಲ್‌ನಲ್ಲಿ ಇದ್ದೇ ಇದೆಯಲ್ಲ ಎನ್ನುವವರೂ ಉಂಟು. ಉಚಿತವಾಗಿ ದೊರೆಯುವ 15 ಗಿಗಾಬೈಟ್ ಜಾಗ ಚಿತ್ರಗಳಿಂದಲೇ ಬೇಗ ತುಂಬುತ್ತದೆ. ಅಲ್ಲದೆ, ಒಂದು ಕಡೆ ಅಳಿಸಿದ್ದು ಜೋಡಣೆಯಾದ ಇತರ ಕಡೆಗಳಲ್ಲೂ ಅಳಿಯುವ ವ್ಯವಸ್ಥೆ ಇದ್ದಲ್ಲಿ ಅದನ್ನು ಪ್ರತಿಯೆನ್ನಲಾಗದು. ಅದು ಅದೇ ವಸ್ತುವಿನ ನೆರಳು. ಅದು ಮೂರನೆಯ ಆಸರೆಯಾಗಿರಲಿ, ಏಕೈಕ ಆಸರೆಯಾಗದಿರಲಿ.

ಕನ್ನಡಿಗರಿಗೆ ಈ ನೀತಿ ಹೊಸದಲ್ಲ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳೆಂಬುದು ಸಾಹಿತ್ಯ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ತಾಳೆಗರಿಗೆ ಗೆದ್ದಲಿನ ಭಯವಿತ್ತು, ಬೆಂಕಿಯ ಭಯವಿತ್ತು, ನೀರಿನ ಭಯವಿತ್ತು. ಗಟ್ಟಿಯಾದ ಗರಿಯೊಂದನ್ನು ಹುಡುಕಿ ಅದರಲ್ಲಿ ಬರೆಸಿದರೆ ಸಾಕೆಂದು ಆ ಸಾಧ್ವಿ ಭಾವಿಸಲಿಲ್ಲ. ಪ್ರತಿಗಳನ್ನು ಹೆಚ್ಚಿಸಿದಳು, ಬೇರೆ ಬೇರೆ ಕೈಗಳಿಗೆ ಸೇರಿಸಿದಳು. ಗ್ರಂಥವನ್ನು ಉಳಿಸುವುದು ಗರಿಯ ಗಟ್ಟಿತನವಲ್ಲ, ಪ್ರತಿಗಳ ಸಂಖ್ಯೆ ಎಂಬುದನ್ನು ಸಾವಿರ ವರ್ಷಗಳ ಹಿಂದೆಯೇ ಕಂಡುಕೊಂಡ ಜಾಣ್ಮೆಯಿದು.

ಅದೇ ಜಾಣ್ಮೆ ಇಂದಿನ ಗೃಹಸ್ಥನಿಗೂ ದಾರಿ. ಲ್ಯಾಪ್‌ಟಾಪಿನ ಎಸ್.ಎಸ್.ಡಿ.ಯಲ್ಲಿ ಒಂದು ಪ್ರತಿ, ಮನೆಯ ಹಾರ್ಡ್ ಡಿಸ್ಕಿನಲ್ಲಿ ಇನ್ನೊಂದು, ಊರಾಚೆ ಮತ್ತೊಂದು. 1908ರ ಸೆಪ್ಟೆಂಬರಿನ ಮೂಸಿ ಪ್ರವಾಹವನ್ನೂ, 2020ರ ಅಕ್ಟೋಬರಿನಲ್ಲಿ ಮನೆಗಳಿಗೆ ನುಗ್ಗಿದ ಮಳೆನೀರನ್ನೂ ಕಂಡ ಊರಿನಲ್ಲಿ ಎಲ್ಲ ಪ್ರತಿಗಳನ್ನೂ ಒಂದೇ ಸೂರಿನಡಿ ಇಡುವುದು ತರವಲ್ಲ. ಬೀದರಿನಲ್ಲಿಯೋ ಕಲಬುರಗಿಯಲ್ಲಿಯೋ ಇರುವ ಅಣ್ಣನ ಮನೆಯ ಕಪಾಟು ಇದಕ್ಕೆ ತಕ್ಕ ಸ್ಥಳ. ಸಂಬಳದ ದಿನದಂದು ತಿಂಗಳಿಗೊಮ್ಮೆ ಹೊಸ ಕಡತಗಳನ್ನು ನಕಲು ಮಾಡಿ, ಹಾರ್ಡ್ ಡಿಸ್ಕಿನ ಕೇಬಲನ್ನು ಕಳಚಿಡಬೇಕು. ಜೋಡಿಸಿಯೇ ಬಿಟ್ಟರೆ, ಲ್ಯಾಪ್‌ಟಾಪಿಗೆ ತಗುಲಿದ ವೈರಸ್ ಅದನ್ನೂ ಹಾಳುಗೆಡಹಬಲ್ಲುದು. ವರ್ಷಕ್ಕೊಮ್ಮೆ ಒಂದೆರಡು ಕಡತಗಳನ್ನು ತೆರೆದು ಪರೀಕ್ಷಿಸಬೇಕು. ಓದಲು ಬಾರದ ಪ್ರತಿ ಪ್ರತಿಯೇ ಅಲ್ಲ.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ಹುಟ್ಟಿದ್ದು ಅನುಭವದಿಂದ. ರೋಗ ಬಂದ ಮೇಲಿನ ಚಿಕಿತ್ಸೆಗಿಂತ ಬಾರದಂತೆ ತಡೆಯುವುದು ಮೇಲೆಂದು ವೈದ್ಯರು ಹೇಳುವ ಮಾತು ದೇಹಕ್ಕೆಂತೋ ಮನೆಯ ನೆನಪುಗಳಿಗೂ ಅಂತೆಯೇ. ಎಸ್.ಎಸ್.ಡಿ.ಯೋ ಹಾರ್ಡ್ ಡಿಸ್ಕೋ ಎಂಬ ಪ್ರಶ್ನೆಗೆ ಉತ್ತರ ಸುಲಭ: ದುಡಿಮೆಗೆ ಮೊದಲನೆಯದು, ಕಾಪಿಗೆ ಎರಡನೆಯದು. ಎರಡನೆಯದಕ್ಕೂ ಬಜೆಟ್ಟಿನಲ್ಲಿ ಜಾಗ ಮಾಡಿಕೊಂಡೇ ಅಂಗಡಿಯ ಮೆಟ್ಟಿಲೇರುವ ಕುಟುಂಬ, ಯಂತ್ರ ಕೆಟ್ಟ ದಿನವೂ ನಿಶ್ಚಿಂತೆಯಿಂದಿರಬಲ್ಲುದು.