ಬಾನೆಟ್ ಎತ್ತಿ ತೋರಿಸೋಕಲ್ಲ ಗುರು, ಕ್ಯಾಚ್ ಕ್ಯಾನ್ ಇರೋದು

1/6
ನೇರವಾಗಿ ಹೇಳ್ತೀನಿ, ಬೇಜಾರಾದ್ರೆ ಅನ್‌ಫಾಲೋ ಮಾಡಿ. ನಿಮ್ಮ ಬಾನೆಟ್ ಒಳಗೆ ನೀಲಿ ಬಣ್ಣದಲ್ಲಿ ಮಿಂಚ್ತಿರೋದು ಕ್ಯಾಚ್ ಕ್ಯಾನ್ ಅಲ್ಲ, ಖಾಲಿ ಡಬ್ಬಿ. ಬಿಚ್ಚಿ ನೋಡಿ. ಒಳಗೆ ಬ್ಯಾಫಲ್ ಇಲ್ಲ, ಜಾಲರಿ ಇಲ್ಲ. ಒಂದು ಪೈಪಲ್ಲಿ ಬಂದ ಎಣ್ಣೆ ಹಬೆ ಇನ್ನೊಂದರಲ್ಲಿ ಹಾಗೇ ಹೊರಟುಹೋಗುತ್ತೆ.

2/6
ಸಿಲಿಂಡರ್‌ನಲ್ಲಿ ಉರಿದ ಗ್ಯಾಸ್ ಸ್ವಲ್ಪ ಪಿಸ್ಟನ್ ರಿಂಗ್ ದಾಟಿ ಕ್ರ್ಯಾಂಕ್‌ಕೇಸ್‌ಗೆ ನುಗ್ಗುತ್ತೆ. ಇದೇ ಬ್ಲೋ-ಬೈ, ಹೊಸ ಇಂಜಿನ್‌ನಲ್ಲೂ ಇರುತ್ತೆ. ಊರೊಳಗೆ ಓಡಿಸುವಾಗ ಮ್ಯಾನಿಫೋಲ್ಡ್‌ನ ವ್ಯಾಕ್ಯೂಮ್ ಅದನ್ನ ಪಿಸಿವಿ ವಾಲ್ವ್ ಮೂಲಕ ಎಳ್ಕೊಂಡು ಮತ್ತೆ ಸುಡುತ್ತೆ. ಟ್ರ್ಯಾಕ್‌ನಲ್ಲಿ ಫುಲ್ ಥ್ರಾಟಲ್ ಒತ್ತಿದ್ರೆ ವ್ಯಾಕ್ಯೂಮ್ ಹೆಚ್ಚುಕಡಿಮೆ ಸೊನ್ನೆ. ಟರ್ಬೊ ಇದ್ರೆ ಉಲ್ಟಾ ಒತ್ತಡ, ಪಿಸಿವಿ ಮುಚ್ಕೊಳ್ಳುತ್ತೆ. ಬ್ಲೋ-ಬೈ ಜಾಸ್ತಿ ಆಗೋದೂ ಆಗಲೇ! ಉಳಿದಿರೋ ಒಂದೇ ದಾರಿ ಬ್ರೀದರ್ ಪೈಪು. ಉದ್ದ ತಿರುವಿನಲ್ಲಿ ಎಣ್ಣೆ ವಾಲಿ ಅದರ ಬಾಯಿಗೇ ಬರುತ್ತೆ. ಆ ಎಣ್ಣೆ ಇಂಟೇಕ್ ಸೇರಿದ್ರೆ ಪೆಟ್ರೋಲ್‌ನ ಆಕ್ಟೇನ್ ಬಲ ಕುಗ್ಗಿ ನಾಕಿಂಗ್ ಶುರು.

3/6
"ಪಿಸಿವಿ ಕಿತ್ತಾಕು, ಪುಟ್ಟ ಫಿಲ್ಟರ್ ಸಿಗ್ಸು" ಅನ್ನೋ ಅಣ್ಣಂದಿರೇ, ಪಿಸಿವಿ ಬರೀ ಪೊಲ್ಯೂಷನ್‌ಗೆ ಅಂದ್ಕೊಂಡಿದ್ದೀರಾ? ಕ್ಯಾಲಿಫೋರ್ನಿಯಾದಲ್ಲಿ 1961ರ ಮಾಡೆಲ್ ಕಾರುಗಳಿಗೆ ಇದು ಬಂದಿದ್ದು ಹೊಗೆಮಂಜಿನ ಕಾರಣಕ್ಕೇ, ಒಪ್ತೀನಿ. ಆದ್ರೆ ಎಣ್ಣೆಯಲ್ಲಿ ಸೇರೋ ನೀರಾವಿ, ಪೆಟ್ರೋಲ್ ಆವಿಯನ್ನ ಹೊರಗೆ ಎಳೆಯೋದೂ ಅದೇ. ದಿನಾ ಕಾಲೇಜಿಗೆ ತರೋ ಕಾರಲ್ಲಿ ಅದನ್ನ ಕಿತ್ರೆ ಒಳಗೆ ಕೆಸರು ಗ್ಯಾರಂಟಿ.

4/6
ಇಷ್ಟು ಕೋಪ ಯಾಕೆ? ಯಾಕಂದ್ರೆ ತಪ್ಪು ಮಾಡಿದವನು ನಾನೇ. ಫ್ರೆಂಡ್ ಕಾರಿಗೆ ಅಂಥದ್ದೇ ಅಗ್ಗದ ಡಬ್ಬಿ, ಬೆರಳಿಗಿಂತ ಸಣ್ಣ ಪೈಪು ಹಾಕಿದ್ದು ನಾನು. ರೀಲ್ ಕೂಡ ಮಾಡಿದ್ದೆ. ಟ್ರ್ಯಾಕ್ ಡೇ ದಿನ ಒಳಗಿನ ಒತ್ತಡಕ್ಕೆ ಹೋಗೋಕೆ ಜಾಗ ಸಾಲದೆ ಡಿಪ್‌ಸ್ಟಿಕ್ ಎದ್ದು ಬಂತು. ರಸ್ತೆ ಮೇಲೆ ಎಣ್ಣೆ ಗೆರೆ. ಹಿಂದಿದ್ದ ಕಾರು ಜಾರಿ ಜಲ್ಲಿಗೆ ಹೋಯ್ತು. ಯಾರಿಗೂ ಏನೂ ಆಗಲಿಲ್ಲ. ಆದ್ರೆ ಮುಂದಿನ ಸೆಷನ್ ಬೈಕ್‌ಗಳದ್ದು. ಮಾರ್ಷಲ್‌ಗಳು ಎಣ್ಣೆ ಮೇಲೆ ಪುಡಿ ಸುರೀತಿದ್ರೆ, ಹೆಲ್ಮೆಟ್ ಹಿಡ್ಕೊಂಡು ಕಾಯ್ತಿದ್ದ ಹುಡುಗರ ಮುಖ ನೋಡೋಕಾಗ್ಲಿಲ್ಲ. ಆ ರೀಲ್ ಡಿಲೀಟ್ ಮಾಡಿದೀನಿ.

5/6
ಮಾಡೋದಾದ್ರೆ ಸರಿಯಾಗಿ ಮಾಡಿ:
• ಮೊದಲು ಕಂಪ್ರೆಷನ್, ಲೀಕ್‌ಡೌನ್ ಟೆಸ್ಟ್. ಸವೆದ ರಿಂಗ್‌ಗೆ ಡಬ್ಬಿ ಮದ್ದಲ್ಲ.
• ಒಳಗೆ ಬ್ಯಾಫಲ್, ಜಾಲರಿ ಇರಲೇಬೇಕು.
• ಟ್ರ್ಯಾಕ್ ಕಾರಿಗೆ ದೊಡ್ಡ ಪೈಪು, ಸುಮಾರು 16 ಮಿಮೀ ಒಳಅಳತೆ. ಎಣ್ಣೆ ತಡೆಯೋ ರಬ್ಬರ್. ನಡುವೆ ಜೋತು ಬೀಳಬಾರದು, ಎಣ್ಣೆ ಅಲ್ಲೇ ನಿಲ್ಲುತ್ತೆ.
• ಎಕ್ಸಾಸ್ಟ್‌ನಿಂದ ದೂರ. ಬಿಸಿ ಎಕ್ಸಾಸ್ಟ್ ಮೇಲೆ ಎಣ್ಣೆ ಬಿದ್ರೆ ಬೆಂಕಿ.
• ಪ್ರತಿ ಸೆಷನ್ ಆದ್ಮೇಲೆ ಖಾಲಿ ಮಾಡಿ.
ಬ್ರೀದರ್ ಹೊರಗೆ ಬಿಟ್ಟ ರೇಸ್ ಕಾರಿಗೆ ಎಫ್‌ಐಎ ನಿಯಮ ಕೇಳೋದು 2000 ಸಿಸಿವರೆಗೆ ಕನಿಷ್ಠ 2 ಲೀಟರ್, ಅದಕ್ಕಿಂತ ದೊಡ್ಡದಕ್ಕೆ 3 ಲೀಟರ್ ಟ್ಯಾಂಕ್. ನಿಮ್ಮ ಡಬ್ಬಿಗೆ ಒಂದು ಲೋಟ ಕಾಫಿ ಹಿಡಿಸುತ್ತಾ?

6/6
ಟ್ರ್ಯಾಕ್‌ಗೇ ಹೋಗಲ್ವಾ? ಕಾರು ಸ್ಟಾಕ್ ಇದೆಯಾ? ಹಾಗಾದ್ರೆ ಬೇಡ ಬಿಡಿ, ಆ ದುಡ್ಡಲ್ಲಿ ಒಳ್ಳೆ ಎಣ್ಣೆ ಹಾಕ್ಸಿ. ಬಿಕಾಂ ಹುಡುಗನಾಗಿ ಹೇಳ್ತೀನಿ: ನೋಡೋಕೆ ಚೆನ್ನಾಗಿದ್ದ ಮಾತ್ರಕ್ಕೆ ಯಾವುದೂ ಅಸೆಟ್ ಆಗಲ್ಲ. ಕೆಲಸ ಮಾಡದ ಕ್ಯಾಚ್ ಕ್ಯಾನ್ ಲಯಬಿಲಿಟಿ, ಅದೂ ನಿಮ್ಮ ಹಿಂದೆ ಬರೋನ ಲೆಕ್ಕದಲ್ಲಿ.

ಇವತ್ತು ರಾತ್ರಿ ನಿಮ್ಮ ಡಬ್ಬಿ ಬಿಚ್ಚಿ. ಒಳಗಿನ ಫೋಟೊ ಕಳಿಸಿ, ಹೊರಗಿಂದು ಬೇಡ.

#ಕ್ಯಾಚ್‌ಕ್ಯಾನ್ #ಟ್ರ್ಯಾಕ್‌ಡೇ #ಕನ್ನಡದಲ್ಲಿಕಾರು