ಮನೇಲಿ ನೋಡಬೇಡಿ ಅನ್ನೋರಿಗೆ ಗಡಿಯಿಂದ ಒಂದು ಲೆಕ್ಕ

ಪ್ರಶಸ್ತಿ ಬಂದ ಸಿನಿಮಾ ಮನೇಲಿ ಕೂತು ನೋಡಬೇಡಿ, ಥಿಯೇಟರ್‌ಗೆ ಹೋಗಿ ನೋಡಿ, ಇಲ್ಲಾಂದ್ರೆ ಕನ್ನಡ ಚಿತ್ರರಂಗ ಉಳಿಯಲ್ಲ ಅಂತ ಬೆಂಗಳೂರಿನವರು ವರ್ಷಕ್ಕೆ ನಾಲ್ಕು ಸಲ ಬುದ್ಧಿ ಹೇಳ್ತಾರೆ. ಆಯ್ತ್ರಿ. ಅಕ್ಕಲಕೋಟದಿಂದ ನಾವು ಯಾವ ಥಿಯೇಟರ್‌ಗೆ ಹೋಗಬೇಕು, ಅದನ್ನೂ ಹೇಳ್ರಿ.

2022ರಲ್ಲಿ ಬುಸಾನ್ ಚಿತ್ರೋತ್ಸವದಲ್ಲಿ 'ಶಿವಮ್ಮ' ಪ್ರಶಸ್ತಿ ಗೆದ್ದಿತು. ಕೊಪ್ಪಳ ಕಡೆಯ ಯರೇಹಂಚಿನಾಳದ ಹೆಣ್ಣುಮಗಳ ಕಥೆ. ಅದರಲ್ಲಿ ಆಡೋದು ನಮ್ಮ ಅವ್ವ, ಕಾಕುಗಳು ಆಡೋ ಥರದ ಮಾತು. ಕೊರಿಯಾದವರು ದೊಡ್ಡ ಪರದೆ ಮೇಲೆ ಕೇಳಿದ ಆ ಮಾತನ್ನು ನಾವು ಅಂಗೈಯಗಲದ ಮೊಬೈಲ್‌ನಲ್ಲಿ ಕೇಳಿದ್ವಿ. ರಾಷ್ಟ್ರಪ್ರಶಸ್ತಿ ಪಡೆದ 'ಕಾಂತಾರ' ಬಂದಾಗ ನಮಗೆ ಸಿಕ್ಕದ್ದು ಹಿಂದಿ ಶೋ. ಕನ್ನಡದ ಹೀರೋ ಹಿಂದಿ ಮಾತಾಡಿದ, ನಾವು ರೊಕ್ಕ ಕೊಟ್ಟು ಕೇಳಿ ಬಂದ್ವಿ.

ಕನ್ನಡದಲ್ಲೇ ನೋಡಬೇಕಂದ್ರೆ ಕಲಬುರಗಿಗೋ ವಿಜಯಪುರಕ್ಕೋ ಹೋಗಬೇಕು. ನಾಲ್ಕು ಮಂದಿಗೆ ಬಸ್ಸು, ಟಿಕೆಟ್, ಊಟ ಸೇರಿ ಒಂದೂವರೆ ಸಾವಿರಕ್ಕೆ ಕಡಿಮೆ ಇಲ್ಲ. ಬ್ಯಾಂಕಿನ ನಮಗೆ ಎರಡನೇ, ನಾಲ್ಕನೇ ಶನಿವಾರ ರಜೆ. ಆ ಶನಿವಾರ ಬರೋದ್ರೊಳಗೆ ಇಂಥ ಚಿತ್ರಗಳನ್ನ ಅಲ್ಲಿಂದಲೂ ಎತ್ತಿರ್ತಾರೆ.

2025ರ ಕರ್ನಾಟಕ ಬಜೆಟ್‌ನಲ್ಲಿ ಟಿಕೆಟ್‌ಗೆ 200 ರೂಪಾಯಿ ಮಿತಿ ಅಂದ್ರು, ಕನ್ನಡ ಚಿತ್ರಗಳಿಗೆ ಸರ್ಕಾರದ್ದೇ ಓಟಿಟಿ ಅಂದ್ರು. ಟಾಕೀಜೇ ಇಲ್ಲದೋರಿಗೆ ಟಿಕೆಟ್ ಮಿತಿ ಯಾತಕ್ಕೆ? ಓಟಿಟಿ ಬೇಕೇ ಬೇಕು. ಆದ್ರೆ ಅದು ಗಡಿಯಾಚೆಗೂ ತೆರೀಬೇಕು ಅಂತ ಈಗಲೇ ಬರೆಸಿಕೊಳ್ಳಬೇಕು.

ಇಷ್ಟು ಬೈದಾದ ಮೇಲೆ ನಮ್ಮನ್ನೂ ಒಂದೀಟು ಬೈಕೋಬೇಕು.

ಹೊರಗೆ ಮರಾಠಿ, ಆಫೀಸಿನಲ್ಲಿ ಹಿಂದಿ, ಮನೆಗೆ ಬಂದು ಚಪ್ಪಲಿ ಬಿಟ್ಟ ಮೇಲೆ ಕನ್ನಡ. ನಮ್ಮ ಭಾಷೆ ಮೊದಲೇ ಅಡುಗೆಮನೆಗೆ ಸರಿದಿದೆ. ಸಿನಿಮಾನೂ ಕಿವಿಗೆ ಇಯರ್‌ಫೋನ್ ಚುಚ್ಚಿಕೊಂಡು ಒಬ್ಬೊಬ್ಬರೇ ನೋಡಿದ್ರೆ ಪಕ್ಕದ ಮನೆಗೂ ಕನ್ನಡ ಕೇಳ್ಸೋದಿಲ್ಲ. ಟಾಕೀಜ್‌ನಲ್ಲಿ ನೂರು ಮಂದಿ ಒಂದೇ ಮಾತಿಗೆ ನಗೋವಾಗ ಊರಿಗೆ ಗೊತ್ತಾಗ್ತದೆ, ಇಲ್ಲಿ ಇಷ್ಟು ಮಂದಿ ಕನ್ನಡದವರು ಇದ್ದೀವಿ ಅಂತ. ಅದು ಮನೇಲಿ ಆಗೋ ಕೆಲಸ ಅಲ್ಲ. ಅದರ ಮೇಲೆ ಟೆಲಿಗ್ರಾಂನ ಕಳ್ಳ ಲಿಂಕ್ ಬೇರೆ! ನೋಡಿದ್ದು ಯಾರ ಲೆಕ್ಕಕ್ಕೂ ಬರೋದಿಲ್ಲ. ಆಮೇಲೆ ಸೊಲ್ಲಾಪುರದಲ್ಲಿ ಕನ್ನಡ ಪ್ರೇಕ್ಷಕರೇ ಇಲ್ಲ ಅಂತ ಯಾರಾದ್ರೂ ಅಂದ್ರೆ ನಮ್ಮ ಹತ್ರ ತೋರ್ಸೋಕೆ ಏನಿದೆ?

ಮಲ್ಟಿಪ್ಲೆಕ್ಸ್‌ಗಳು ಮುಖ್ಯ ವೇಳೆಯಲ್ಲಿ ಮರಾಠಿ ಚಿತ್ರ ಹಾಕಲೇಬೇಕು ಅಂತ ಮಹಾರಾಷ್ಟ್ರ ಸರ್ಕಾರ 2015ರಲ್ಲಿ ಹೇಳಿತು. ಅದು ಅವರ ಹಕ್ಕು, ನಮಗೆ ಹೊಟ್ಟೆಕಿಚ್ಚಿಲ್ಲ. ನಾವು ಕೇಳೋದು ಸೊಲ್ಲಾಪುರದಲ್ಲಿ ಭಾನುವಾರ ಬೆಳಗ್ಗೆ ಒಂದೇ ಒಂದು ಕನ್ನಡ ಶೋ. ಕೇಳೋಕೆ ಹೋದಾಗ ಕೈಯಲ್ಲಿ ಇನ್ನೂರು ಸಹಿ ಇರಲಿ.

ಅಲ್ಲಿವರೆಗೆ ಕನ್ನಡ ಶಾಲೆಗಳ ಹಾಲ್ ಇವೆ. ಕಾಸರಗೋಡಿನ ಕನ್ನಡ ಶಾಲೆ ಮುಚ್ಚೋ ಕಥೆಯ 'ಸರ್ಕಾರಿ ಹಿ. ಪ್ರಾ. ಶಾಲೆ'ಗೆ ಶ್ರೇಷ್ಠ ಮಕ್ಕಳ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂತು. ಅದನ್ನ ಮನೇಲಿ ಹಾಕಿದಾಗ ಐದನೇ ಕ್ಲಾಸಿನ ಹುಡುಗ, "ನಮ್ಮ ಸಾಲಿನೂ ಮುಚ್ತಾರೇನ್ರಿ?" ಅಂದ. ಉತ್ತರ ಹೊಳೀಲಿಲ್ಲ. ಅವನ ಇಡೀ ಶಾಲೆ ಒಟ್ಟಿಗೆ ಕೂತು ಆ ಪ್ರಶ್ನೆ ಕೇಳಬೇಕು, ಪಾಲಕರೂ ಪಕ್ಕದಲ್ಲಿ ಕೂತಿರಬೇಕು.

ಒಂದು ಎಚ್ಚರ: ನಮ್ಮ ಓಟಿಟಿ ಖಾತೆಯನ್ನೇ ಹಾಲ್‌ನಲ್ಲಿ ಹಾಕಿ ತೋರ್ಸೋ ಹಾಗಿಲ್ಲ, ಅದು ಮನೆ ಬಳಕೆಗೆ ಮಾತ್ರ. ನಿರ್ಮಾಪಕರಿಗೆ ಪತ್ರ ಬರೆದು ಒಪ್ಪಿಗೆ ತಗೋಬೇಕು. ಖರ್ಚಿಗೆ ಕರ್ನಾಟಕ ಗಡಿ ಪ್ರದೇಶಾಭಿವೃದ್ಧಿ ಪ್ರಾಧಿಕಾರಕ್ಕೆ ಅರ್ಜಿ ಹಾಕೋಣ. ಶಾಲು, ಹಾರದ ಕಾರ್ಯಕ್ರಮ ಒಂದು ಕಡಿಮೆಯಾದ್ರೂ ನಡೀತದೆ.

ಈ ನಾಲ್ಕನೇ ಶನಿವಾರ ನಾವು ಹೆಡ್‌ಮಾಸ್ತರರನ್ನು ಕಾಣೋಕೆ ಹೊಂಟೀವಿ. ನಿಮ್ಮೂರ ಶಾಲೆ ಹಾಲ್‌ನ ಕೀಲಿ ಯಾರ ಹತ್ರ ಇದೆ, ಕೇಳಿ ಕೆಳಗೆ ಬರೀರಿ.