ಮಿತವ್ಯಯದ ಮನೆ, ಹಿತವಾದ ಮನೆ

ಮನೆಯನ್ನು ಚೊಕ್ಕಟವಾಗಿಡುವುದೂ ಚೆಲುವಾಗಿಡುವುದೂ ಗೃಹಸ್ಥಧರ್ಮದ ಅಂಗಗಳೇ ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಾರದು. ಆದರೆ ಆ ಚೊಕ್ಕಟತನಕ್ಕೂ ಚೆಲುವಿಗೂ ನಾವು ಎಷ್ಟು ಹಣ ತೆರುತ್ತಿದ್ದೇವೆ, ಹಣದ ಜೊತೆಗೆ ಇನ್ನೇನನ್ನು ತೆರುತ್ತಿದ್ದೇವೆ ಎಂಬ ಲೆಕ್ಕವನ್ನು ಇಡುವ ಮನೆಗಳು ವಿರಳ. ಹೆಸರಿನಲ್ಲಿಯೇ ಬೇವನ್ನು ಇರಿಸಿಕೊಂಡಿರುವ ನಮ್ಮ ಬೇವೂರಿನಂಥ, ಯಲಬುರ್ಗಾ ತಾಲ್ಲೂಕಿನ ಹಳ್ಳಿಗಳ ಕಿರಾಣಿ ಅಂಗಡಿಗಳಲ್ಲಿಯೂ ಇಂದು ನೆಲಕ್ಕೊಂದು, ಪಾತ್ರೆಗೊಂದು, ಗಾಜಿಗೊಂದು, ಬಚ್ಚಲಿಗೊಂದು ಎಂದು ಬಣ್ಣಬಣ್ಣದ ಬಾಟಲಿಗಳು ಸಾಲಾಗಿ ನಿಂತಿವೆ.

ಮಳೆಯನ್ನೇ ನಂಬಿದ ಸೀಮೆ ನಮ್ಮದು. ಮಳೆ ಕೈಕೊಟ್ಟ ವರ್ಷ ಬೆಂಗಳೂರು, ಮಂಗಳೂರು, ಗೋವೆಗಳ ಕಡೆಗೆ ಗುಳೆ ಹೋಗುವ ಕುಟುಂಬಗಳನ್ನು ಕಂಡವರು ನಾವು. ಇಂಥ ನಾಡಿನಲ್ಲಿ ಗೃಹಪ್ರವೇಶದ ಅಲಂಕಾರಕ್ಕೆ ಸಾಲ, ಮದುವೆಯ ಮಂಟಪಕ್ಕೆ ಸಾಲ ಎಂಬುದು ರೂಢಿಯಾಗುತ್ತಿದೆ. ‘ನಾಲ್ಕು ಜನ ಏನೆಂದಾರು’ ಎಂಬ ಅಳುಕೇ ಇದರ ಮೂಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದನ್ನು ನಾವು ಬಡವರಿಗೆ ಹೇಳಿದ ಬುದ್ಧಿಮಾತೆಂದು ತಿಳಿದೆವು. ಅದು ಎಲ್ಲರಿಗೂ ಹೇಳಿದ ಮಾತು.

ಲಕ್ಕಮ್ಮನ ಲೆಕ್ಕ

ಕುಷ್ಟಗಿಯ ಆಚೆಗಿನ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರೆಂದು ಹೇಳಲಾಗುವ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆ ನಮ್ಮ ಮನೆಗಳ ಮಕ್ಕಳಿಗೂ ಗೊತ್ತು. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದ. ಲಕ್ಕಮ್ಮ ಸಂತೋಷಪಡಲಿಲ್ಲ. ನಮಗೆ ಬೇಕಾದುದಕ್ಕಿಂತ ಹೆಚ್ಚಿನದು ನಮ್ಮದಲ್ಲ, ಇದನ್ನು ಅಲ್ಲಿಯೇ ಸುರಿದು ಬನ್ನಿ ಎಂದು ಗಂಡನನ್ನು ಹಿಂದಕ್ಕೆ ಕಳಿಸಿದಳು.

ಈ ದಂಪತಿಗಳು ಜಿಪುಣರಲ್ಲ, ದಾಸೋಹ ಮಾಡಿದವರು. ಜಿಪುಣತನಕ್ಕೂ ಮಿತವ್ಯಯಕ್ಕೂ ಇರುವ ವ್ಯತ್ಯಾಸ ಇಲ್ಲಿಯೇ ಇದೆ. ಜಿಪುಣನು ಕೂಡಿಡುವುದಕ್ಕಾಗಿ ಉಳಿಸುತ್ತಾನೆ. ಮಿತವ್ಯಯಿ ‘ಸಾಕು’ ಎಂಬುದನ್ನು ಅರಿತಿರುವುದರಿಂದ ಅವನಲ್ಲಿ ತಾನಾಗಿಯೇ ಉಳಿಯುತ್ತದೆ. ಆದ್ದರಿಂದ ಪರಿಸರಸ್ನೇಹಿ ಎಂಬ ಚೀಟಿ ಅಂಟಿಸಿದ ವಸ್ತುವನ್ನು ಕೊಳ್ಳುವುದಕ್ಕೆ ಮುಂಚೆ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕೆಂಬುದು ನಮ್ಮ ಸೂಚನೆ. ಇದು ನಿಜವಾಗಿಯೂ ಬೇಕೆ? ಇದರ ಕೆಲಸವನ್ನು ಮಾಡುವ ವಸ್ತು ಈಗಾಗಲೇ ಮನೆಯಲ್ಲಿ ಇದೆಯೆ? ಇದು ಮುಗಿದ ಮೇಲೆ ಉಳಿಯುವ ಡಬ್ಬಿ ಎಲ್ಲಿಗೆ ಹೋಗುತ್ತದೆ? ಬಾಟಲಿಯ ಮೇಲೆ ಹಸಿರು ಎಲೆಯ ಚಿತ್ರವಿದ್ದ ಮಾತ್ರಕ್ಕೆ ಒಳಗಿನದು ಹಸಿರಾಗುವುದಿಲ್ಲ.

ತೊಳೆಯುವ ಕೆಲಸಕ್ಕೆ

ನಮ್ಮ ಭಾಗದ ಕೊಳವೆಬಾವಿಗಳ ನೀರು ಬಹುಮಟ್ಟಿಗೆ ಗಡಸು. ಗಡಸು ನೀರಿನಲ್ಲಿರುವ ಸುಣ್ಣದ ಅಂಶದೊಡನೆ ಸಾಬೂನು ಕೂಡಿಕೊಂಡು ಗಷ್ಟು ಕಟ್ಟುವುದರಿಂದ ನೊರೆ ಬರುವುದಿಲ್ಲ. ನೊರೆ ಬರಲಿಲ್ಲವೆಂದು ಮತ್ತಷ್ಟು ಸಾಬೂನು ತಿಕ್ಕುತ್ತೇವೆ. ಅಂಟುವಾಳದ ನೊರೆ ಹೀಗೆ ಗಷ್ಟು ಕಟ್ಟುವುದಿಲ್ಲ. ಹದಿನೈದು ಇಪ್ಪತ್ತು ಕಾಯಿಗಳ ಬೀಜ ತೆಗೆದು, ಸಿಪ್ಪೆಯನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಕಾಲು ತಾಸು ಕುದಿಸಿ, ಆರಿದ ಮೇಲೆ ಕಿವುಚಿ ಸೋಸಿಕೊಳ್ಳಬೇಕು. ಇಳಕಲ್ಲ ಸೀರೆ, ರೇಷ್ಮೆ, ಉಣ್ಣೆ, ಬೆಳ್ಳಿಯ ಕರಡಿಗೆ, ಬಂಗಾರದ ಒಡವೆ ಇವೆಲ್ಲಕ್ಕೂ ಇದು ಹಿತ. ಬಣ್ಣ ಬಿಡುವ ಸೀರೆಯಾದರೆ ಮೊದಲು ಮೂಲೆಯೊಂದನ್ನು ತೊಯಿಸಿ ನೋಡುವುದು ಲೇಸು. ಈ ನೀರು ಮೂರು ನಾಲ್ಕು ದಿನಗಳಿಗಿಂತ ಹೆಚ್ಚು ತಾಳದು. ಕಣ್ಣಿಗೆ ಬಿದ್ದರೆ ಬಹಳ ಉರಿಯುತ್ತದೆ. ಬಳಸಿದ ನೀರನ್ನು ಹಿತ್ತಲಿಗೆ ಬಿಡಬಹುದು. ಮೀನುಗಳಿಗೆ ಮಾರಕವಾದುದರಿಂದ ಕೆರೆಗೆ ಬಿಡಬಾರದು.

ತಾಮ್ರ, ಹಿತ್ತಾಳೆಗಳ ಕಿಲುಬಿಗೆ ಹುಣಸೆಹಣ್ಣಿನಷ್ಟು ಒಳ್ಳೆಯ ಔಷಧವಿಲ್ಲ. ಸಾರಿಗೆ ಕಿವುಚಿ ಉಳಿದ ಹುಣಸೆಯ ಗಸಿಗೆ ಚಿಟಿಕೆ ಉಪ್ಪು ಬೆರೆಸಿ ತಿಕ್ಕಿದರೆ ಸಾಕು. ಹುಣಸೆಯ ಹುಳಿ ಕಿಲುಬನ್ನು ಕರಗಿಸಿಕೊಂಡು ಬರುತ್ತದೆ. ಕರಗುವ ಈ ಗುಣದಿಂದಾಗಿಯೇ ಕಲಾಯಿ ಇಲ್ಲದ ಪಾತ್ರೆಯಲ್ಲಿ ಹುಳಿ ಪದಾರ್ಥವನ್ನು ಇಡಬಾರದೆಂದು ಹಿರಿಯರು ಹೇಳಿದ್ದು.

ಹುಳಿಯ ಬಗ್ಗೆ ಇನ್ನೊಂದು ಎಚ್ಚರಿಕೆ ಅಗತ್ಯ. ನಮ್ಮ ಪಡಸಾಲೆಗಳಿಗೆ ಹಾಸಿರುವ ಶಹಾಬಾದ್ ಕಲ್ಲು ಸುಣ್ಣಕಲ್ಲಿನ ಜಾತಿಯದು. ನಿಂಬೆ, ಹುಣಸೆ, ಆ್ಯಸಿಡ್ ಯಾವುದೇ ಬಿದ್ದರೂ ಅದರ ಹೊಳಪು ಹೋಗಿ ಮೈ ಒರಟಾಗುತ್ತದೆ. ಅದಕ್ಕೆ ಬರಿಯ ನೀರು, ಹೆಚ್ಚೆಂದರೆ ತುಸು ಅಂಟುವಾಳದ ನೀರು. ಇಳಕಲ್ಲಿನ ಕೆಂಪು ಗ್ರಾನೈಟ್ ಗಟ್ಟಿಯಾದ ಬೇರೆ ಜಾತಿಯ ಕಲ್ಲು. ಅದಕ್ಕೆ ಈ ಭಯ ಅಷ್ಟಿಲ್ಲ.

ಶೌಚಾಲಯದ ಮಾತು ಬೇರೆ. ನಿಂಬೆಯ ಸಿಪ್ಪೆ ಪರಿಮಳ ಕೊಡಬಲ್ಲದೇ ಹೊರತು ರೋಗಾಣುಗಳನ್ನು ನಂಬಿಕೆಯಿಂದ ಕೊಲ್ಲಲಾರದು. ಮನೆಯಲ್ಲಿ ವಾಂತಿಭೇದಿಯ ರೋಗಿ ಇದ್ದಾಗ ಬ್ಲೀಚಿಂಗ್ ಪುಡಿಯನ್ನು ಬಳಸಲೇಬೇಕು. ಆದರೆ ಅದನ್ನು ಆ್ಯಸಿಡ್‌ನೊಡನೆ ಎಂದಿಗೂ ಬೆರೆಸಬಾರದು. ಎರಡೂ ಕೂಡಿದರೆ ಕ್ಲೋರಿನ್ ಎಂಬ ವಿಷದ ಗಾಳಿ ಏಳುತ್ತದೆ. ಬಾಗಿಲು ಮುಚ್ಚಿದ ಪುಟ್ಟ ಬಚ್ಚಲಿನಲ್ಲಿ ಅದು ಪ್ರಾಣಕ್ಕೇ ಕುತ್ತಾಗಬಹುದು. ‘ಎರಡು ಸೇರಿಸಿದರೆ ಇನ್ನೂ ಚೊಕ್ಕಟ’ ಎಂದು ತಿಳಿದಿರುವ ಸೋದರಿಯರು ಈ ಒಂದು ಮಾತನ್ನು ಮಾತ್ರ ಮರೆಯಬಾರದೆಂದು ನಮ್ಮ ಕಳಕಳಿಯ ವಿನಂತಿ.

ಕಾಳುಕಡಿಗಳ ರಕ್ಷಣೆ

ಬೇವಿನ ಮರ ಮನೆಯ ಮುಂದೆಯೇ ಇರುವಾಗ ಕಾಳಿನ ಡಬ್ಬಿಗೆ ವಿಷದ ಗುಳಿಗೆ ಹಾಕುವುದು ವಿಚಿತ್ರವೇ ಸರಿ. ಎಲೆಗಳನ್ನು ನೆರಳಿನಲ್ಲಿ ಗರಿಗರಿಯಾಗಿ ಒಣಗಿಸಿ, ಜೋಳ, ಹೆಸರು, ಅಲಸಂದಿಗಳ ನಡುನಡುವೆ ಹರಡಿ ಮುಚ್ಚಳ ಭದ್ರಪಡಿಸಬೇಕು. ತೊಗರಿಬೇಳೆಗಾದರೆ ಕಿಲೋಗೆ ಒಂದು ಚಿಕ್ಕ ಚಮಚೆಯಂತೆ ಔಡಲ ಎಣ್ಣೆಯನ್ನು ಅಂಗೈಯಿಂದ ಸವರಿಡುವ ಪದ್ಧತಿ ನಮ್ಮಲ್ಲಿ ಹಿಂದಿನಿಂದಲೂ ಉಂಟು. ಆದರೆ ಕಾಳು ಚೆನ್ನಾಗಿ ಒಣಗಿರದಿದ್ದರೆ ಬೇವೂ ಕಾಯದು, ಎಣ್ಣೆಯೂ ಕಾಯದು. ಬಿಸಿಲಿಗೆ ನಮ್ಮಲ್ಲಿ ಬರವಿಲ್ಲ. ಮೊದಲ ಕಾವಲುಗಾರ ಅದೇ. ಬೇವಿನ ಎಣ್ಣೆಯನ್ನು ಮಾತ್ರ ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಅದು ಹೊಟ್ಟೆಗೆ ಹೋಗಬಾರದ ವಸ್ತು.

ಗೋಡೆಗೂ ಉಸಿರು ಬೇಕು

ಮಣ್ಣಿನ ಗೋಡೆ, ಮಾಳಿಗೆಯ ಮನೆಗಳು ನಮ್ಮ ಊರುಗಳಲ್ಲಿ ಇನ್ನೂ ಉಳಿದಿವೆ. ಹೊಸತನದ ಆಸೆಯಿಂದ ಅವುಗಳಿಗೆ ಸಿಮೆಂಟ್ ಗಿಲಾವು ಮಾಡಿಸಿ, ಮೇಲೆ ಪ್ಲಾಸ್ಟಿಕ್ ಪೇಂಟ್ ಬಳಿಸುವವರುಂಟು. ಮಣ್ಣಿನ ಗೋಡೆ ತೇವವನ್ನು ಹೀರಿಕೊಳ್ಳುತ್ತದೆ, ಬಿಸಿಲಿಗೆ ಬಿಟ್ಟುಕೊಡುತ್ತದೆ. ಮೇಲಿನ ಹೊದಿಕೆ ಈ ಉಸಿರಾಟವನ್ನು ತಡೆದಾಗ ತೇವ ಒಳಗೇ ನಿಂತು, ಬಣ್ಣ ಉಬ್ಬಿ ಹಕ್ಕಳೆಯಾಗಿ ಉದುರುತ್ತದೆ. ಸುಣ್ಣಕ್ಕೆ ಈ ದೋಷವಿಲ್ಲ. ಸುಣ್ಣವನ್ನು ಹಿಂದಿನ ದಿನವೇ ನೀರಿನಲ್ಲಿ ಅರಳಿಸಿ, ಅರಿವೆಯಲ್ಲಿ ಸೋಸಿ, ತುಸು ಅಂಟು ಮತ್ತು ಬೆಳ್ಪಿಗಾಗಿ ಚೂರು ನೀಲಿ ಬೆರೆಸಿ ತೆಳ್ಳಗೆ ಎರಡು ಕೈ ಬಳಿದರೆ ಗೋಡೆ ಹಾಲಿನಂತೆ ಕಾಣುತ್ತದೆ. ಅರಳುವಾಗ ಸುಣ್ಣ ಕೊತಕೊತ ಕುದಿಯುವುದರಿಂದ ಮಕ್ಕಳನ್ನು ದೂರವಿಡಬೇಕು, ಕಣ್ಣನ್ನು ಕಾಪಾಡಿಕೊಳ್ಳಬೇಕು.

ಗೋಡೆಯ ಬುಡಕ್ಕೆ ಒಂದು ಮೊಳ ಎತ್ತರದ ಕೆಮ್ಮಣ್ಣಿನ ಪಟ್ಟಿ, ಅದರ ಮೇಲೆ ಸುಣ್ಣದ ಎಳೆಗಳು, ಮಾಡದ ಸುತ್ತ ಬಳ್ಳಿಯ ರಂಗೋಲಿ: ಈ ಅಲಂಕಾರಕ್ಕೆ ತಗಲುವ ವೆಚ್ಚ ಅತ್ಯಲ್ಪ. ನಾವು ಹಳೆಯದೆಂದು ಬಿಟ್ಟುದನ್ನು ಲೋಕ ಹೊಸದೆಂದು ಎತ್ತಿಕೊಳ್ಳುವುದೂ ಉಂಟು. ಸೆಗಣಿಯನ್ನು ಮೂಲವಸ್ತುವಾಗಿಸಿ ತಯಾರಿಸಿದ ಬಣ್ಣವನ್ನು ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು 2021ರ ಜನವರಿಯಲ್ಲಿ ಮಾರುಕಟ್ಟೆಗೆ ತಂದಿತು.

ಹಳೆಯ ಅರಿವೆ, ಹೊಸ ಚೆಲುವು

ಇಳಕಲ್ಲ ಸೀರೆಯ ಒಡಲು ಜೀರ್ಣವಾದರೂ ದಡಿ ಮತ್ತು ಟೋಪ ತೆನೆಯ ಸೆರಗು ಬಹುಕಾಲ ಗಟ್ಟಿಯಾಗಿರುತ್ತವೆ. ದಡಿಯನ್ನು ಬಿಡಿಸಿ ಬಿಳಿಯ ಹತ್ತಿಬಟ್ಟೆಯ ಅಂಚಿಗೆ ಹೊಲಿದರೆ ಬಾಗಿಲ ಪರದೆ ಸಿದ್ಧ. ಸೆರಗು ದಿಂಬಿನ ಚೀಲವಾಗುತ್ತದೆ. ಗುಳೇದಗುಡ್ಡದ ಖಣದ ಚೂರುಗಳನ್ನು ತ್ರಿಕೋನವಾಗಿ ಮಡಿಸಿ ಹೊಲಿದರೆ ವರ್ಷವಿಡೀ ಬಾಡದ ತೋರಣ. ಉಳಿದುದೆಲ್ಲ ಕೌದಿಗೆ. ಅಜ್ಜಿಯ ಸೀರೆ, ತಾಯಿಯ ಕುಪ್ಪಸ, ಮಗುವಿನ ಅಂಗಿ ಎಲ್ಲವೂ ಒಂದೇ ಹೊದಿಕೆಯಲ್ಲಿ ಕೂಡುವುದು ಕೌದಿಯಲ್ಲಿ ಮಾತ್ರ. ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಸಮುದಾಯದ ಮಹಿಳೆಯರು ಹೊಲಿದ ಕೌದಿಗಳು ಅಮೆರಿಕದಲ್ಲಿಯೂ ಪ್ರದರ್ಶನಗೊಂಡಿವೆ. ನಾವಾದರೋ ನಮ್ಮ ಕೌದಿಯನ್ನು ಬೀಗರು ಬಂದಾಗ ಒಳಮನೆಯಲ್ಲಿ ಬಚ್ಚಿಡುತ್ತೇವೆ. ಅದನ್ನು ಪಡಸಾಲೆಯ ಮಂಚದ ಮೇಲೆ ಹಾಸಿರಿ. ಮನೆಯ ಕಳೆಯೇ ಬೇರೆಯಾಗುವುದು.

ಕಿನ್ನಾಳದ ಪಾಠ

ನಿರುಪಯುಕ್ತ ವಸ್ತುಗಳಿಂದ ಚೆಲುವನ್ನು ನಿರ್ಮಿಸುವ ಕಲೆಗೆ ನಮ್ಮ ಕೊಪ್ಪಳ ಜಿಲ್ಲೆಯೇ ತವರುಮನೆ. ಕಿನ್ನಾಳದ ಚಿತ್ರಗಾರ ಮನೆತನದವರು ಹಗುರ ಮರದಲ್ಲಿ ದೇವತಾಮೂರ್ತಿಗಳನ್ನೂ ಆಟಿಕೆಗಳನ್ನೂ ಮಾಡುತ್ತಾರೆ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಕಲೆ ಅದು. ಅದರಲ್ಲಿ ಬಳಸುವ ‘ಕಿಟ್ಟ’ ಎಂಬ ಲೇಪವನ್ನು ನೋಡಿರಿ: ಗೋಣಿಯ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಹುಣಸೆಬೀಜದ ಅಂಟಿನೊಡನೆ ಕಲಸಿದ ಲೇಪವದು. ಚಿಂದಿ, ಹೊಟ್ಟು, ಬೀಜ ಮೂರೂ ನಾವು ತಿಪ್ಪೆಗೆ ಎಸೆಯುವಂಥವು.

ಇದೇ ತತ್ವದಿಂದ ಮನೆಯಲ್ಲಿಯೂ ಕಾಗದದ ಬುಟ್ಟಿಗಳನ್ನು ಮಾಡಬಹುದು. ಹಳೆಯ ಪತ್ರಿಕೆಗಳನ್ನು ಹರಿದು ಎರಡು ಮೂರು ದಿನ ನೆನೆಸಿ, ಹಿಂಡಿ ರುಬ್ಬಿ, ನೆನೆಸಿ ಅರೆದ ಮೆಂತ್ಯವನ್ನು ಸೇರಿಸಿ ನಾದಿಕೊಳ್ಳಬೇಕು. ಬೋರಲು ಹಾಕಿದ ಬೋಗುಣಿಯ ಮೇಲೆ ತೆಳುಬಟ್ಟೆ ಹೊದಿಸಿ, ಈ ಮುದ್ದೆಯನ್ನು ಸಮವಾಗಿ ಬಡಿದು, ಚೆನ್ನಾಗಿ ಒಣಗಿಸಿ ಬಿಡಿಸಬೇಕು. ಮೆಂತ್ಯವು ಅಂಟಾಗಿ ಬಿಗಿಯುತ್ತದೆ. ಮೇಲೆ ಕೆಮ್ಮಣ್ಣು ಸಾರಿಸಿ ಸುಣ್ಣದ ಚುಕ್ಕೆಗಳನ್ನು ಇಟ್ಟರೆ ಹೂವು, ಉಳ್ಳಾಗಡ್ಡಿ, ನೂಲಿನ ಉಂಡೆಗಳನ್ನು ಇಡಲು ಸೊಗಸಾದ ಬುಟ್ಟಿ. ನೀರು ಮಾತ್ರ ತಗಲಬಾರದು. ಇನ್ನು ಹಣ ಕೊಟ್ಟೇ ಅಲಂಕಾರ ತರುವುದಾದರೆ ಹತ್ತಾರು ಪ್ಲಾಸ್ಟಿಕ್ ಹೂಗುಚ್ಛಗಳ ಬದಲು ಒಂದು ಕಿನ್ನಾಳದ ಗೊಂಬೆಯನ್ನು ತನ್ನಿರಿ. ನಮ್ಮ ನೆರೆಯ ಕಾಯಕಜೀವಿಯ ಒಲೆ ಉರಿಯುತ್ತದೆ. ಮಿತವ್ಯಯವು ಇನ್ನೊಬ್ಬರ ಅನ್ನವನ್ನು ಕಸಿಯುವಂಥದಾಗಬಾರದು.

ಸಮಾರಂಭಗಳಲ್ಲಿ

ಥರ್ಮಾಕೋಲ್ ಅಲಂಕಾರ, ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚೆಗಳು, ಆಮಂತ್ರಣ ಪತ್ರಿಕೆಗೆ ಸುತ್ತುವ ತೆಳುಹಾಳೆ ಇವೆಲ್ಲವನ್ನೂ ಕೇಂದ್ರ ಸರ್ಕಾರವು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಿದೆ. ಕರ್ನಾಟಕದಲ್ಲಿ 2016ರಲ್ಲಿಯೇ ಪ್ಲಾಸ್ಟಿಕ್ ನಿಷೇಧದ ಆದೇಶ ಹೊರಟಿತ್ತು. ಆದರೂ ನಮ್ಮ ಲಗ್ನಗಳ ಮರುದಿನ ಊರ ಹೊರಗಿನ ಹಳ್ಳವನ್ನು ನೋಡಿದರೆ ನಮಗೆ ಕಾನೂನೂ ತಿಳಿಯದು, ನಾಚಿಕೆಯೂ ತಿಳಿಯದು ಎನ್ನಬೇಕಾಗುತ್ತದೆ. 2019ರಲ್ಲಿ ಕೊಪ್ಪಳದ ಗವಿಮಠದ ಪೂಜ್ಯರು ಹಿರೇಹಳ್ಳದ ಸ್ವಚ್ಛತೆಗೆ ತಾವೇ ಇಳಿದು ಜನರನ್ನೂ ಇಳಿಸಿದ್ದರು. ಅಂಥ ಹಿರಿಯರ ಆಶೀರ್ವಾದವನ್ನು ಬೇಡುವ ನಾವು ಹಳ್ಳಕ್ಕೆ ಕಸ ಸುರಿಯುವುದು ಯಾವ ಭಕ್ತಿ? ಬಾಳೆಕಂಬ, ಮಾವಿನ ತಳಿರು, ಚೆಂಡುಹೂವು, ಮುತ್ತಲದ ಪತ್ರಾವಳಿಗಳು ಮರುದಿನವೇ ತಿಪ್ಪೆ ಸೇರಿ ಗೊಬ್ಬರವಾಗುತ್ತವೆ. ಸ್ಟೀಲ್ ತಟ್ಟೆ, ಲೋಟಗಳನ್ನು ಓಣಿಯವರೆಲ್ಲ ಕೂಡಿ ಒಮ್ಮೆ ಕೊಂಡಿಟ್ಟರೆ ಹತ್ತಾರು ಲಗ್ನಗಳಿಗೆ ಒದಗುತ್ತವೆ.

ಯಾರ ಬೆವರು?

ಕೊನೆಯದಾಗಿ ಒಂದು ಮಾತನ್ನು ಮನೆಯ ಯಜಮಾನರಿಗೂ ಗಂಡುಮಕ್ಕಳಿಗೂ ಹೇಳಬೇಕಾಗಿದೆ. ಅಂಟುವಾಳ ಕುದಿಸುವುದು, ಸುಣ್ಣ ಸೋಸುವುದು, ಕೌದಿ ಹೊಲಿಯುವುದು, ಸ್ಟೀಲ್ ತಟ್ಟೆಗಳನ್ನು ತೊಳೆದಿಡುವುದು ಇವೆಲ್ಲವೂ ದುಡಿಮೆಯೇ. ನಸುಕಿನಲ್ಲಿ ಎದ್ದು ರೊಟ್ಟಿ ಬಡಿದು, ಹೊಲದ ಕೆಲಸ ಮುಗಿಸಿ ಬಂದ ಹೆಣ್ಣುಮಗಳ ಮೇಲೆ ಇಷ್ಟನ್ನೂ ಹೇರಿ, ‘ನಮ್ಮ ಮನೆಯಲ್ಲಿ ಖರ್ಚು ಕಡಿಮೆ’ ಎಂದು ಬೀಗುವುದು ಮಿತವ್ಯಯವಲ್ಲ. ಹಣದ ಚೀಲದಲ್ಲಿ ಉಳಿಸಿದ್ದನ್ನು ಅವಳ ಮೈಯಿಂದ ವಸೂಲು ಮಾಡಿದಂತಾಯಿತು, ಅಷ್ಟೆ. ಸೊಸೆಯೊಬ್ಬಳು ಬಾಟಲಿಯ ದ್ರಾವಣವನ್ನು ಕೇಳಿದರೆ ಅದು ಸೋಮಾರಿತನವೆಂದು ಗದರುವ ಮುಂಚೆ ಅವಳ ದಿನದಲ್ಲಿ ಎಷ್ಟು ಬಿಡುವು ಇದೆ ಎಂದು ಅತ್ತೆಯವರು ಕೇಳಲಿ.

ಕಾಯಕದಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲವೆಂದು ಶರಣರು ನಡೆದು ತೋರಿದರು. ಹೆಚ್ಚಾದ ಅಕ್ಕಿಯನ್ನು ಹಿಂದಿರುಗಿಸಬೇಕೆಂದವಳು ಲಕ್ಕಮ್ಮ; ಅದನ್ನು ಹೊತ್ತು ನಡೆದವನು ಮಾರಯ್ಯ. ಈ ತಿಂಗಳು ನಮ್ಮ ಓದುಗ ಕುಟುಂಬಗಳು ಇಷ್ಟನ್ನು ಮಾಡಲಿ: ಒಂದು ಸಂಜೆ ಎಲ್ಲರೂ ಕೂಡಿ ಕುಳಿತು, ಮನೆಯಲ್ಲಿರುವ ಬಾಟಲಿ, ಡಬ್ಬಿಗಳನ್ನು ಎದುರಿಗಿಟ್ಟು, ಯಾವುದು ಬೇಕು, ಯಾವುದು ಬೇಡ ಎಂದು ಆರಿಸಲಿ. ಬೇಡವೆಂದುದರ ಬದಲಿ ಕೆಲಸವನ್ನು ಯಾರು ಮಾಡುವರೆಂಬುದನ್ನೂ ಆಗಲೇ ಹಂಚಿಕೊಳ್ಳಲಿ. ಮೊದಲ ಅಂಟುವಾಳದ ಪಾತ್ರೆಯನ್ನು ಒಲೆಯ ಮೇಲೆ ಇಡುವ ಕೈ ಮನೆಯ ಯಜಮಾನರದಾಗಿರಲಿ.